ಅಡ್ಡಹೆಸರು ಮೊದಲು

ಒಂದು ಸಂಶೋಧನಾ ಪತ್ರಿಕೆಗೆ ನಾನು ಕಳಿಸಿದ ಪ್ರಬಂಧ ಮೂರನೆಯ ಸಲ ವಾಪಸ್ಸು ಬಂತು. ವಾದ ತಪ್ಪಿದೆ ಎಂದಲ್ಲ, ಉಲ್ಲೇಖಗಳು ನಮೂನೆಗೆ ತಕ್ಕಂತಿಲ್ಲ ಎಂದು. ನಿಜಾಮರ ಆಳ್ವಿಕೆಯಲ್ಲಿ ಆಳಂದ ಸೀಮೆಯ ದಲಿತರು ಮಾಡಿದ ಬಿಟ್ಟಿ ಚಾಕರಿಯ ಬಗೆಗಿನ ಪ್ರಬಂಧ ಅದು. ಜೊತೆಗಿದ್ದ ಚೀಟಿಯಲ್ಲಿ ಎರಡು ಸೂಚನೆಗಳಿದ್ದವು. ಒಂದು: ಎಲ್ಲರ ಅಡ್ಡಹೆಸರು ಮೊದಲು ಬರಲಿ, ಸ್ವಂತ ಹೆಸರು ಒಂದಕ್ಷರಕ್ಕೆ ಇಳಿಯಲಿ. ಎರಡು: ನನ್ನ ಆಯಿಯ ಮಾತನ್ನು ಉಲ್ಲೇಖ ಪಟ್ಟಿಯಿಂದ ತೆಗೆಯಬೇಕು, ಅದು 'ವೈಯಕ್ತಿಕ ಸಂವಹನ'.

ಕಮಾ, ಫುಲ್‌ಸ್ಟಾಪಿನ ವಿಚಾರಕ್ಕೆ ಇಷ್ಟ್ಯಾಕ ತಲಿ ಕೆಡಿಸ್ಕೋತಿ ಅಂದರು ಗೆಳೆಯರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಾನು ಪಟ್ಟಿ ತಿದ್ದುತ್ತ ಕೂತದ್ದು ಕಡಗಂಚಿಯಲ್ಲಿ. ಯಾರ ಹೆಸರು ದಾಖಲಾಗಬೇಕು, ಯಾರದು ಅಳಿಯಬೇಕು ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ.

2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿ ಇಲ್ಲಿ ನೆಲೆಯೂರಿದ ಮೇಲೆ ಕಡಗಂಚಿಯ ಹೆಸರು ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದೆ. ಅದಕ್ಕೆ ಶತಮಾನಗಳ ಮುಂಚೆಯೇ ಮರಾಠಿಯಲ್ಲಿ 'ಗುರುಚರಿತ್ರೆ' ಬರೆದ ಸರಸ್ವತಿ ಗಂಗಾಧರ ಈ ಊರಿನವನೆಂದು ದತ್ತ ಸಂಪ್ರದಾಯದವರು ಹೇಳುತ್ತಾರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯ ಮಹಿಮೆಯನ್ನು ಹೇಳುವ ಗ್ರಂಥ ಅದು. ಮೊದಲ ಅಧ್ಯಾಯದಲ್ಲೇ ಕವಿ ತನ್ನ ಪೂರ್ತಿ ವಿವರ ಕೊಡುತ್ತಾನೆ: ಆಪಸ್ತಂಬ ಶಾಖೆ, ಕೌಂಡಿಣ್ಯ ಗೋತ್ರ, ಸಾಖರೆ ಎಂಬ ಅಡ್ಡಹೆಸರು, ಸಾಯಂದೇವನಿಂದ ತಂದೆ ಗಂಗಾಧರನ ತನಕ ವಂಶಾವಳಿ. ಯಾವ ಸಂಪಾದಕನೂ ವಾಪಸ್ಸು ಕಳಿಸಲಾರದ ಉಲ್ಲೇಖ ಇದು. ಇಡೀ ಗ್ರಂಥವೇ ಸಿದ್ಧನೆಂಬವನು ನಾಮಧಾರಕನಿಗೆ ಬಾಯಿಮಾತಲ್ಲಿ ಹೇಳಿದ ಕಥೆ. ಅದನ್ನು ಯಾರೂ ವೈಯಕ್ತಿಕ ಸಂವಹನ ಅನ್ನಲಿಲ್ಲ, ಪಾರಾಯಣ ಮಾಡಿದರು.

ಅದೇ ಗ್ರಂಥದ 27 ಮತ್ತು 28ನೇ ಅಧ್ಯಾಯಗಳನ್ನು ನೋಡಿ. ವೇದ ಬಲ್ಲೆವೆಂಬ ಸೊಕ್ಕಿನ ಇಬ್ಬರು ಬ್ರಾಹ್ಮಣರು ವಾದಕ್ಕೆ ಬನ್ನಿ, ಇಲ್ಲವೇ ಜಯಪತ್ರ ಬರೆದುಕೊಡಿ ಎನ್ನುತ್ತಾರೆ. ಗುರು ದಾರಿಯಲ್ಲಿ ಹೊರಟಿದ್ದ ಒಬ್ಬ ಅಸ್ಪೃಶ್ಯನನ್ನು ಕರೆಸಿ ನೆಲದ ಮೇಲೆ ಏಳು ಗೆರೆ ಎಳೆಸುತ್ತಾನೆ. ಒಂದೊಂದು ಗೆರೆ ದಾಟಿದಾಗಲೂ ಆ ಮನುಷ್ಯನಿಗೆ ಒಂದೊಂದು ಹಿಂದಿನ ಜನ್ಮದ ನೆನಪು. ಕೊನೆಗೆ ಅವನೇ ವೇದಪಂಡಿತನಾಗಿ ಬಂದವರ ಬಾಯಿ ಮುಚ್ಚಿಸುತ್ತಾನೆ. ಕೆಲಸ ಮುಗಿಯಿತು. ಮೈಗೆ ಹಚ್ಚಿದ ಭಸ್ಮ ತೊಳೆಸಲಾಗುತ್ತದೆ. ಕಲಿತದ್ದೆಲ್ಲ ನೀರಿನೊಂದಿಗೆ ಹರಿದುಹೋಗುತ್ತದೆ. ಅವನು ಹೆಂಡತಿ ಮಕ್ಕಳ ಜೊತೆ ಕೇರಿಗೆ ನಡೆಯುತ್ತಾನೆ. ಗ್ರಂಥ ಅವನನ್ನು ಗುರುತಿಸುವುದು ಪತಿತ, ಮಾತಂಗ ಎಂಬ ಶಬ್ದಗಳಿಂದ. ಬರೆದವನಿಗೆ ಗೋತ್ರ, ಅಡ್ಡಹೆಸರು, ತಾತ ಮುತ್ತಾತ ಎಲ್ಲ ಉಂಟು; ವಾದ ಗೆದ್ದವನಿಗೆ ಜಾತಿಯಷ್ಟೇ.

ಇದು ಪುರಾಣ ಎಂದು ತಳ್ಳಿಹಾಕುವ ಮುನ್ನ ನಮ್ಮ ಜಾನಪದ ಪ್ರಬಂಧಗಳ ಕೊನೆಯ ಪುಟಗಳನ್ನು ತೆರೆಯಬೇಕು. ಅಲ್ಲಿ 'ಗ್ರಂಥಋಣ' ಎಂದೊಂದು ಪಟ್ಟಿ, 'ವಕ್ತೃಗಳು' ಎಂದು ಇನ್ನೊಂದು. ವಕ್ತೃಗಳಿಗೆ ಹೆಸರು, ವಯಸ್ಸು, ಜಾತಿ, ಊರು ಎಂಬ ಕಾಲಂಗಳಿರುತ್ತವೆ. ಗ್ರಂಥ ಬರೆದವರಿಗೆ ಜಾತಿಯ ಕಾಲಂ ಇರೋದಿಲ್ಲ. ಊರಿಗೆ ಊರು, ಕೇರಿಗೆ ಕೇರಿ. ಹಾಡಿದವಳು, ಹೇಳಿದವಳು ಪ್ರಬಂಧದೊಳಗೆ ಬಂದು ಏಳು ಗೆರೆ ದಾಟಿ ಸಂಶೋಧಕನಿಗೆ ಪದವಿ ಗೆದ್ದುಕೊಟ್ಟು, ಕೊನೆಯಲ್ಲಿ ಭಸ್ಮ ತೊಳೆಸಿಕೊಂಡು ಅನುಬಂಧಕ್ಕೆ ಹೋಗುತ್ತಾಳೆ.

ಈಗ ಮೊದಲ ಸೂಚನೆಗೆ ಬರೋಣ. ಪಶ್ಚಿಮದ ಕುಟುಂಬನಾಮವನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ನಿಯಮ ಅದು. ದೇವನೂರ ಮಹಾದೇವರ ಹೆಸರಿನ ಮೊದಲ ಮಾತು ಅವರ ಊರು. ನಮೂನೆಗೆ ಹಾಕಿದರೆ ಆ ಊರು 'ದೇ.' ಎಂಬ ಒಂದಕ್ಷರ ಆಗ್ತದೆ. ಕವಿ ಸಿದ್ದಲಿಂಗಯ್ಯ (1954–2021) ಅವರದು ಒಂದೇ ಹೆಸರು. ಅರ್ಜಿಯ ಎರಡನೆಯ ಕೋಣೆಗೆ ಏನು ತುಂಬಬೇಕು? ನಮ್ಮ ಉತ್ತರದ ಕಡೆ ಅಡ್ಡಹೆಸರುಗಳಿವೆ, ನಿಜ. ಆದರೆ ಮಾದರ, ಸಮಗಾರ, ಚಲವಾದಿ ಅಂತ ಇರುವವರ ಪಾಲಿಗೆ ಅಡ್ಡಹೆಸರು ಮೊದಲು ಎಂದರೆ ಜಾತಿ ಮೊದಲು. ಜಾತಿ ಪೂರ್ತಿ, ಮನುಷ್ಯ ಒಂದಕ್ಷರ. ಶಾಲೆಯ ಹಾಜರಿ ಪುಸ್ತಕದಲ್ಲಿ ಇದನ್ನು ಅನುಭವಿಸಿದವರಿಗೆ ವಿವರಣೆ ಬೇಕಿಲ್ಲ.

ಎರಡನೆಯ ಸೂಚನೆಗೂ ಚರಿತ್ರೆ ಇದೆ. ಈ ಪತ್ರಿಕೆ ಅನುಸರಿಸುವ ಎಪಿಎ ಶೈಲಿ ಅಮೆರಿಕದ ಮನಃಶಾಸ್ತ್ರಜ್ಞರದು. 1929ರಲ್ಲಿ ಏಳು ಪುಟಗಳ ಒಂದು ಲೇಖನವಾಗಿ ಹುಟ್ಟಿತು. ಓದುಗ ಹುಡುಕಿ ಮತ್ತೆ ನೋಡಲಾಗದ್ದನ್ನು ಪಟ್ಟಿಗೆ ಸೇರಿಸಬಾರದೆಂಬುದು ಅದರ ತರ್ಕ. ಪ್ರಯೋಗಶಾಲೆಗೆ ಅದು ಸರಿ. ಆದರೆ ನಮ್ಮಲ್ಲಿ ಹುಡುಕಿದರೆ ಸಿಗುವುದು ಯಾರ ಮಾತು? ಹೈದರಾಬಾದ್ ಸಂಸ್ಥಾನ ಜೀತದ ಕರಾರುಗಳನ್ನು ಹತೋಟಿಗೆ ತರಲು 1936ರಲ್ಲಿ ಭಗೇಲಾ ನಿಯಮ ಮಾಡಿತು. ಅದಕ್ಕೆ ಇಸವಿ ಉಂಟು, ಕಲಮುಗಳುಂಟು. ಹೊರೆ ಹೊರಿಸಿದ ಅಧಿಕಾರಿಯ ವರದಿಗೆ ಪುಟಸಂಖ್ಯೆ ಉಂಟು. ಹೊತ್ತವಳ ಮಾತಿಗೆ ಮಾತ್ರ ಪುಟವಿಲ್ಲ. ಅಕ್ಷರವನ್ನು ತಡೆದವರೇ ಈಗ ಅಕ್ಷರದ ಪುರಾವೆ ಕೇಳಿದರೆ ಅದನ್ನು ಶಿಸ್ತು ಎನ್ನಬೇಕೆ?

ಹಾಗಂತ ಉಲ್ಲೇಖವೇ ಬೇಡ ಅನ್ನುವವನು ನಾನಲ್ಲ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಕುರಿತು ಪ್ರಬಂಧ ಓದಿದ ಅಂಬೇಡ್ಕರರು ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರರ ವ್ಯಾಖ್ಯೆಗಳನ್ನು ಹೆಸರು ಹಿಡಿದು ಮುಂದಿಟ್ಟುಕೊಂಡೇ ಪರೀಕ್ಷೆಗೆ ಒಡ್ಡಿದರು. ಅವರಿಗೆ ಉಲ್ಲೇಖ ಅಡ್ಡಬೀಳುವ ಕ್ರಮವಲ್ಲ, ಸಾಕ್ಷಿಕಟ್ಟೆ. 1957ರಲ್ಲಿ, ಅವರು ತೀರಿಕೊಂಡ ಮರುವರ್ಷ, ಹೊರಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಆಕರಗಳ ಸೂಚನೆ ಇರಲಿಲ್ಲ. ಅದನ್ನೇ ಹಿಡಿದು ಟೀಕಿಸಿದವರಿದ್ದರು. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಅದರ ಪಾಲಿ ಮೂಲಗಳನ್ನೇ ಒಂದು ಪುರವಣಿ ಸಂಪುಟವಾಗಿ ತಂದಿತು. ನಮ್ಮ ಮಾತಿಗೆ ನಾವೇ ಆಕರ ಕಟ್ಟಬೇಕು, ಒಬ್ಬರಿಂದಾಗದಿದ್ದರೆ ನಾಲ್ಕು ಜನ ಸೇರಿ ಕಟ್ಟಬೇಕು ಎಂಬುದು ಇದರ ಪಾಠ.

ನಮೂನೆ ಬದಲಾಗುವುದೇ ಇಲ್ಲ ಎನ್ನುವುದೂ ಸುಳ್ಳು. ಕೆನಡಾದ ಮೂಲನಿವಾಸಿ ಗ್ರಂಥಪಾಲಕಿ ಲೊರಿಸಿಯಾ ಮೆಕ್ಲೌಡ್ ತಮ್ಮ ಹಿರಿಯರ ಮಾತನ್ನು ಉಲ್ಲೇಖ ಪಟ್ಟಿಯೊಳಗೇ ಸೇರಿಸುವ ನಮೂನೆ ರೂಪಿಸಿ 2021ರಲ್ಲಿ ಅದರ ಕುರಿತು ಬರೆದರು. ಹೇಳಿದವರ ಹೆಸರು, ಅವರ ಜನಾಂಗ, ನೆಲ, ಹೇಳಿದ ವಿಷಯ, ದಿನಾಂಕ ಎಲ್ಲ ಅದರಲ್ಲಿ ಬರುತ್ತವೆ. ಅವರ ಜನಾಂಗದ ಹೆಸರು ಅವರಿಗೆ ಹಕ್ಕಿನ ಗುರುತು; ನಮ್ಮ ಜಾತಿಯ ಹೆಸರು ನಮಗೆ ಹೊರಿಸಿದ ಗುರುತು. ಆದ್ದರಿಂದ ಅದನ್ನು ಹಾಗೇ ಎತ್ತಿ ತರಲಾಗದು. ಜಾತಿಯ ಕಾಲಂ ಬೇಕೋ ಬೇಡವೋ ಎಂದು ಹೇಳಿದವರನ್ನೇ ಕೇಳಬೇಕು. ಹೆಸರಿನ ಮಾತೂ ಅಷ್ಟೇ: ಊರೊಳಗ ಇನ್ನೂ ಅವೇ ವಾಡೆ, ಅವೇ ಮನೆತನ ಇರುವಾಗ ಹೆಸರು ಹಾಕುವುದು ಗೌರವವೂ ಹೌದು, ಅಪಾಯವೂ ಹೌದು. ಅದನ್ನು ತೀರ್ಮಾನಿಸಲು ನಾನು ಯಾರು, ಸಂಪಾದಕರು ಯಾರು?

ಅದಕ್ಕೇ ಆಯಿಯನ್ನು ಕೇಳಿದೆ. "ಆಯಿ, ನೀ ಹೇಳಿದ್ದು ಪುಸ್ತಕದಾಗ ಬರ್ತದ. ನಿನ್ನ ಹೆಸರು ಹಾಕ್ಲೇನು?"

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಂದ್ಯಾಕೋ? ನಾ ಕೇಳಿದಾಕಿ. ಸಾಹೇಬರ ಸಾಮಾನ ಹೊತ್ತಾಕಿ ನಮ್ಮವ್ವ. ಅಕಿ ಹೆಸರು ಹಾಕು. ಪೂರ್ತಿ ಹಾಕು."

ಪೂರ್ತಿ ಅಂದರೂ ಅದು ಒಂದೇ ಹೆಸರು. ಅಡ್ಡಹೆಸರಿಲ್ಲ, ಹುಟ್ಟಿದ ಇಸವಿ ಇಲ್ಲ. ಜೊಟೆರೊ ತಂತ್ರಾಂಶದಲ್ಲಿ ಹೆಸರಿನ ಎರಡು ಕೋಣೆಗಳನ್ನು ಒಂದು ಮಾಡುವ ಸೌಲಭ್ಯ ಇದೆ, ಅದರಲ್ಲಿ ಬರೆದೆ. ಎದುರಿಗೆ ಊರು, ವಿಷಯ, ಮಗಳ ಬಾಯಿಂದ ಕೇಳಿದ್ದು ಎಂಬ ವಿವರ, ಕೇಳಿದ ದಿನಾಂಕ. ಪ್ರತ್ಯೇಕ ಅನುಬಂಧ ಮಾಡಲಿಲ್ಲ. ಅಕಾರಾದಿಯಲ್ಲಿ ಆ ಹೆಸರು ಎಲ್ಲಿ ಬರಬೇಕೋ ಅಲ್ಲಿಯೇ, ಸರ್ಕಾರಿ ವರದಿಗಳ ನಡುವೆ ಕೂತಿದೆ.

ಪ್ರಬಂಧವನ್ನು ನಾಲ್ಕನೆಯ ಸಲ ಕಳಿಸಿದ್ದೇನೆ. ಆ ಹೆಸರನ್ನು ಇಲ್ಲಿ ಬರೆದಿಲ್ಲ. ಆಯಿ ಹಾಕು ಅಂದದ್ದು ಆ ಪಟ್ಟಿಯೊಳಗ. ಮೊದಲು ಅಲ್ಲಿ ಅಚ್ಚಾಗಲಿ.