ಯೂಟ್ಯೂಬ್ ಗಳಿಕೆಗೆ ಆದಾಯ ತೆರಿಗೆ: ಯಾವ ಖರ್ಚು ಕಳೆಯಬಹುದು?

ಮಂಜೇಶ್ವರದಲ್ಲಿ ಕುಳಿತು ಯಕ್ಷಗಾನದ ವೀಡಿಯೊ ಹಾಕುವವರಿರಲಿ, ತಾಳವಾಡಿಯ ಹೊಲದಿಂದ ಬೇಸಾಯದ ಮಾತು ಹೇಳುವವರಿರಲಿ, ಅಕ್ಕಲಕೋಟೆಯಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ತೋರಿಸುವವರಿರಲಿ, ಅದರಿಂದ ಹಣ ಬಂತೆಂದರೆ ಆದಾಯ ತೆರಿಗೆಯ ಪ್ರಶ್ನೆಯೂ ಬರುತ್ತದೆ. ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ಆದ್ದರಿಂದ ಗಡಿಯ ಯಾವ ಕಡೆ ಇದ್ದರೂ ನಿಯಮ ಒಂದೇ.

ಮೊದಲು ತಿಳಿಯಬೇಕಾದ ವಿಷಯ: ತೆರಿಗೆ ಬೀಳುವುದು ಬ್ಯಾಂಕ್ ಖಾತೆಗೆ ಬಂದ ಪೂರ್ತಿ ಹಣದ ಮೇಲಲ್ಲ. ಆ ಹಣ ಗಳಿಸಲು ಮಾಡಿದ ಖರ್ಚನ್ನು ಕಳೆದು ಉಳಿದ ಲಾಭದ ಮೇಲೆ. ಖರ್ಚಿನ ಲೆಕ್ಕ ಇಡದವರು ಕಟ್ಟಬೇಕಿಲ್ಲದ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ.

ಯಾವ ಬಗೆಯ ಆದಾಯ?

ಜಾಹೀರಾತಿನ ಹಣ, ಕಂಪನಿಗಳು ಕೊಡುವ ಪ್ರಚಾರದ ಹಣ, ಲಿಂಕ್ ಮೂಲಕ ಬರುವ ಕಮಿಷನ್ ಎಲ್ಲವೂ ಸಾಮಾನ್ಯವಾಗಿ ವ್ಯಾಪಾರ ಅಥವಾ ವೃತ್ತಿಯ ಆದಾಯ. ಅಡಿಕೆ ತೋಟದ ಬಗ್ಗೆ ವೀಡಿಯೊ ಮಾಡಿ ಬಂದ ಹಣ ಕೃಷಿ ಆದಾಯವಾಗುವುದಿಲ್ಲ. ಅಡಿಕೆ ಮಾರಿದ ಹಣಕ್ಕೆ ವಿನಾಯಿತಿ ಇದೆ, ವೀಡಿಯೊದ ಹಣಕ್ಕೆ ಇಲ್ಲ. ಹಾಗೆಯೇ ತೋಟದ ಗೊಬ್ಬರದ ಖರ್ಚನ್ನು ಚಾನೆಲ್ ಲೆಕ್ಕದಲ್ಲಿ ಕಳೆಯುವಂತೆಯೂ ಇಲ್ಲ.

ಕಂಪನಿಯವರು ಕೊಟ್ಟ ಮೊಬೈಲನ್ನು ನೀವೇ ಇಟ್ಟುಕೊಂಡರೆ ಅದರ ಬೆಲೆಯೂ ಆದಾಯವೇ. ಇಂಥ ವಸ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇ. 10 ಟಿಡಿಎಸ್ ಹಿಡಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂದಿದೆ.

ಪೂರ್ತಿ ಕಳೆಯಬಹುದಾದ ಖರ್ಚು

1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಸೆಕ್ಷನ್ ಪ್ರಕಾರ, ಸಂಪೂರ್ಣವಾಗಿ ಕಸುಬಿಗಾಗಿಯೇ ಮಾಡಿದ ಖರ್ಚನ್ನು ಕಳೆಯಬಹುದು. ಉದಾಹರಣೆಗೆ:

- ಇಂಟರ್ನೆಟ್ ಮತ್ತು ಮೊಬೈಲ್ ಬಿಲ್ಲಿನಲ್ಲಿ ಕಸುಬಿನ ಪಾಲು
- ಎಡಿಟಿಂಗ್ ಮಾಡುವವರಿಗೆ, ಕ್ಯಾಮೆರಾ ಹಿಡಿಯುವವರಿಗೆ ಕೊಟ್ಟ ಹಣ
- ಚಿತ್ರೀಕರಣಕ್ಕೆ ಹೋದ ಬಸ್, ರೈಲು, ಬಾಡಿಗೆ ವಾಹನದ ಖರ್ಚು
- ಬಾಡಿಗೆಗೆ ತಂದ ಲೈಟು, ಮೈಕು, ವೇಷಭೂಷಣ
- ಅಡುಗೆ ವೀಡಿಯೊಗಾಗಿಯೇ ತಂದ ಸಾಮಾನು
- ಬಾಡಿಗೆ ಮನೆಯ ಒಂದು ಕೋಣೆಯನ್ನು ಕೆಲಸಕ್ಕೆ ಬಳಸಿದರೆ ಆ ಪಾಲಿನ ಬಾಡಿಗೆ, ಕರೆಂಟು
- ಲೆಕ್ಕ ಬರೆಯುವವರ ಶುಲ್ಕ
- ವೃತ್ತಿ ತೆರಿಗೆ ಕಟ್ಟಿದ್ದರೆ ಅದು. ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ಈ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ.

ಮನೆಯ ರೇಷನ್, ದಿನವೂ ಉಡುವ ಬಟ್ಟೆ, ಮಕ್ಕಳ ಫೀಸು, ಪೊಲೀಸರಿಗೆ ಕಟ್ಟಿದ ದಂಡ, ಆದಾಯ ತೆರಿಗೆಯ ಮೊತ್ತ ಇವನ್ನು ಕಳೆಯುವಂತಿಲ್ಲ. ಸ್ವಂತ ಮನೆಗೆ ತನಗೆ ತಾನೇ ಬಾಡಿಗೆ ಕೊಟ್ಟಂತೆ ಬರೆಯುವುದೂ ನಡೆಯದು.

ಕ್ಯಾಮೆರಾ, ಕಂಪ್ಯೂಟರಿಗೆ ಸವಕಳಿ

ಹಲವು ವರ್ಷ ಬಾಳಿಕೆ ಬರುವ ವಸ್ತುವಿನ ಬೆಲೆಯನ್ನು ಒಂದೇ ವರ್ಷದಲ್ಲಿ ಕಳೆಯಲು ಬರುವುದಿಲ್ಲ. ಪ್ರತಿ ವರ್ಷ ಸವಕಳಿಯೆಂದು ಒಂದು ಪಾಲು ಸಿಗುತ್ತದೆ. ಕಂಪ್ಯೂಟರಿಗೆ ಶೇ. 40, ಕ್ಯಾಮೆರಾದಂಥ ಯಂತ್ರಕ್ಕೆ ಶೇ. 15, ಮೇಜು ಕುರ್ಚಿಗೆ ಶೇ. 10. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ.

ಇಲ್ಲಿ ನಗದಿನ ವಿಷಯದಲ್ಲಿ ಎಚ್ಚರ ಬೇಕು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ, ವಸ್ತುವಾದರೆ ಸವಕಳಿಯೂ ಇಲ್ಲ. ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ.

ಒಂದು ಲೆಕ್ಕ

ಒಬ್ಬರಿಗೆ 2025-26ರಲ್ಲಿ 15,00,000 ರೂಪಾಯಿ ಬಂತು, ಬೇರೆ ಆದಾಯವಿಲ್ಲ ಎಂದುಕೊಳ್ಳೋಣ. ಖರ್ಚು ತೋರಿಸದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ 1,05,000, ಸೆಸ್ ಸೇರಿ 1,09,200 ರೂಪಾಯಿ.

ಈಗ ಖರ್ಚು ನೋಡಿ. ಎಡಿಟಿಂಗಿಗೆ 1,80,000, ಪ್ರಯಾಣಕ್ಕೆ 90,000, ಕೋಣೆಯ ಬಾಡಿಗೆ 24,000, ಇಂಟರ್ನೆಟ್ 12,000. ಒಂದು ಲಕ್ಷದ ಕ್ಯಾಮೆರಾಕ್ಕೆ ಸವಕಳಿ 15,000, 80,000ದ ಕಂಪ್ಯೂಟರಿಗೆ 32,000. ಒಟ್ಟು 3,53,000. ಉಳಿದ ಲಾಭ 11,47,000. ಆ ವರ್ಷ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಬಿಲ್ಲು ಇಟ್ಟುಕೊಂಡವರಿಗೂ ಎಸೆದವರಿಗೂ ಲಕ್ಷ ರೂಪಾಯಿಯ ವ್ಯತ್ಯಾಸ!

ಹೊಸ ಪದ್ಧತಿಯಲ್ಲಿ ಖರ್ಚು ಕಳೆಯಬಹುದೇ?

ಖಂಡಿತ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಎಲ್‌ಐಸಿ, ಪಿಪಿಎಫ್‌ನಂಥ ಉಳಿತಾಯದ ವಿನಾಯಿತಿ ಸಿಗದು. ಆದರೆ ಕಸುಬಿನ ಖರ್ಚು, ಸಾಮಾನ್ಯ ಸವಕಳಿ ಎರಡೂ ಉಳಿದಿವೆ. ಸಂಬಳದಾರರಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಸ್ವಂತ ಕಸುಬಿನವರಿಗೆ ಇಲ್ಲ.

ಬಿಲ್ಲುಗಳ ಗೋಜೇ ಬೇಡವೆನ್ನುವವರಿಗೆ ಅಂದಾಜು ಲಾಭದ ಪದ್ಧತಿಯೂ ಇದೆ. 44ಎಡಿಎ ಸೆಕ್ಷನ್‌ನಲ್ಲಿ ಕೆಲವು ನಿಗದಿತ ವೃತ್ತಿಗಳಿಗೆ ಬಂದ ಹಣದ ಅರ್ಧವನ್ನು ಲಾಭವೆಂದು ಹಿಡಿಯುತ್ತಾರೆ. 44ಎಡಿಯಲ್ಲಿ ಸಣ್ಣ ವ್ಯಾಪಾರಕ್ಕೆ ಶೇ. 8, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6, ಕಮಿಷನ್ ಆದಾಯಕ್ಕೆ ಇದು ಇಲ್ಲ. ಇವನ್ನು ಆರಿಸಿದರೆ ಮತ್ತೆ ಖರ್ಚು ಕಳೆಯುವಂತಿಲ್ಲ. ನಿಮ್ಮ ಕೆಲಸ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಯೇ ತೀರ್ಮಾನಿಸಿ.

ಹಿಡಿದ ತೆರಿಗೆ ವಾಪಸ್

ಕಂಪನಿಯವರು ಟಿಡಿಎಸ್ ಹಿಡಿದಿದ್ದರೆ ಅದು 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ. ನಿಮ್ಮ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನದು ವಾಪಸ್ ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಅಮೆರಿಕದ ವೀಕ್ಷಕರಿಂದ ಬಂದ ಯೂಟ್ಯೂಬ್ ಹಣದಲ್ಲಿ ಅಲ್ಲಿಯ ತೆರಿಗೆಯನ್ನು 2021ರ ಜೂನ್‌ನಿಂದ ಹಿಡಿಯುತ್ತಾರೆ. ಗೂಗಲ್‌ಗೆ ತೆರಿಗೆ ಮಾಹಿತಿ ಕೊಟ್ಟು ಒಪ್ಪಂದದ ಲಾಭ ಕೇಳಿದ ಭಾರತೀಯರಿಗೆ ಆ ದರ ಶೇ. 15. ಭಾರತದಲ್ಲಿ ತೆರಿಗೆ ಬಿದ್ದರೆ, ನಿಗದಿತ ಫಾರಂ ಸಲ್ಲಿಸಿ ಅಲ್ಲಿ ಕಟ್ಟಿದ್ದನ್ನು ನಿಯಮದಂತೆ ಇಲ್ಲಿ ಹೊಂದಿಸಿಕೊಳ್ಳಬಹುದು.

ನೆನಪಿಡಿ

ಚಾನೆಲ್ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಬಿಲ್ಲು ಮಲಯಾಳದಲ್ಲಿದೆಯೋ, ತಮಿಳು, ಮರಾಠಿ, ತೆಲುಗಿನಲ್ಲಿದೆಯೋ ಎಂಬುದಕ್ಕಿಂತ ಅದರಲ್ಲಿ ದಿನಾಂಕ, ಅಂಗಡಿಯ ಹೆಸರು, ಮೊತ್ತ ಇವೆಯೇ ಎಂಬುದು ಮುಖ್ಯ. ಹಿಂಬದಿಯಲ್ಲಿ ಯಾವ ವೀಡಿಯೊಗೆ ಎಂದು ಕನ್ನಡದಲ್ಲೇ ಬರೆದಿಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.

ಇಲ್ಲಿ ಹೇಳಿದ ಸೆಕ್ಷನ್‌ಗಳು 2025-26ರ ಆದಾಯಕ್ಕೆ ಅನ್ವಯಿಸುವ 1961ರ ಕಾಯ್ದೆಯವು. 2026ರ ಏಪ್ರಿಲ್ 1ರ ನಂತರದ ಆದಾಯಕ್ಕೆ 2025ರ ಹೊಸ ಕಾಯ್ದೆ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಕಸುಬಿಗೆ ಮಾಡಿದ ಖರ್ಚನ್ನು ಕಳೆಯುವ ಹಕ್ಕು ಹಾಗೆಯೇ ಇದೆ.