ಎಂದೆಂದಿಗೂ ಬರುವ ಹಣದ ಬೆಲೆ ಅನಂತವೇ? ಗುತ್ತಿಗೆ ಮತ್ತು ತಸ್ತೀಕ್ ಲೆಕ್ಕ ಇಲ್ಲಿದೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಕೇರಳದಿಂದ ಬಂದವರು ಶುಂಠಿ ಬೆಳೆಯಲು ಜಮೀನನ್ನು ಗುತ್ತಿಗೆಗೆ ಪಡೆಯುವುದು ಹೊಸದೇನಲ್ಲ. ಆಗೆಲ್ಲ ಮನೆಯ ಜಗುಲಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹಣವನ್ನು ಒಂದೇ ಗಂಟಿಗೆ ತೆಗೆದುಕೊಳ್ಳುವುದೋ, ವರ್ಷ ವರ್ಷ ತೆಗೆದುಕೊಳ್ಳುವುದೋ? ಅದೇ ಮನೆಯ ಮಗಳು ಬಿ.ಕಾಂ. ಓದುತ್ತಿದ್ದರೆ, ಇದೇ ಪ್ರಶ್ನೆ ಅವಳ ಪುಸ್ತಕದಲ್ಲಿ ಆನ್ಯುಯಿಟಿ ಎಂಬ ಹೆಸರಿನಲ್ಲಿದೆ. ಎರಡನ್ನೂ ಜೋಡಿಸಿ ನೋಡೋಣ.

ಒಂದು ಊಹೆಯ ಲೆಕ್ಕ. ಎಕರೆಗೆ ವರ್ಷಕ್ಕೆ 50,000 ರೂಪಾಯಿಯಂತೆ ಮೂರು ವರ್ಷ, ಪ್ರತಿ ವರ್ಷದ ಕೊನೆಯಲ್ಲಿ. ಬೇಡವೆಂದರೆ ಇವತ್ತೇ ಒಟ್ಟಿಗೆ 1,30,000. 'ಮೂರು ಐವತ್ತು ಸೇರಿದರೆ ಒಂದೂವರೆ ಲಕ್ಷ, ಕಂತೇ ಲಾಭ' ಎಂದು ಹೆಚ್ಚಿನವರು ಹೇಳುತ್ತಾರೆ. ಇದು ನಿಜವೇ?

ಮೂರು ವರ್ಷದ ನಂತರ ಕೈಸೇರುವ 50,000 ಇವತ್ತಿನ 50,000ಕ್ಕೆ ಸಮವಲ್ಲ. ಹಣಕ್ಕೆ ಶೇ 10 ಬಡ್ಡಿ ಹುಟ್ಟುತ್ತದೆ ಎಂದಿಟ್ಟುಕೊಂಡರೆ ಮೊದಲ ಕಂತನ್ನು 1.10ರಿಂದ ಒಂದು ಸಲ, ಎರಡನೆಯದನ್ನು ಎರಡು ಸಲ, ಮೂರನೆಯದನ್ನು ಮೂರು ಸಲ ಭಾಗಿಸಬೇಕು. ಸಿಗುವುದು 45,455, 41,322 ಮತ್ತು 37,566. ಕೂಡಿದರೆ 1,24,343. ಇದೇ ಆ ಕಂತುಗಳ ಇಂದಿನ ಮೌಲ್ಯ, ಅಂದರೆ ಪ್ರೆಸೆಂಟ್ ವ್ಯಾಲ್ಯೂ. ಒಂದೇ ಗಂಟಿನ 1,30,000 ಇದಕ್ಕಿಂತ ಹೆಚ್ಚು. (ಟೇಬಲ್‌ನ 2.487 ಬಳಸಿದವರಿಗೆ 1,24,350 ಬರುತ್ತದೆ. ಈ ಏಳು ರೂಪಾಯಿಗೆ ತಲೆ ಕೆಡಿಸಿಕೊಳ್ಳಬೇಡಿ.)

ಆದರೆ ಕಂತು ವರ್ಷದ ಕೊನೆಯಲ್ಲಲ್ಲ, ಆರಂಭದಲ್ಲೇ ಬಂದರೆ? ಪ್ರತಿ ಕಂತೂ ಒಂದು ವರ್ಷ ಮುಂಚೆ ಸಿಗುವುದರಿಂದ ಮೊತ್ತವನ್ನು 1.10ರಿಂದ ಗುಣಿಸಬೇಕು: 1,36,777. ಈಗ ಕಂತೇ ಮೇಲು! ಪುಸ್ತಕ ಇದನ್ನು ಆನ್ಯುಯಿಟಿ ಡ್ಯೂ ಎನ್ನುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ, ಕರಾರಿನಲ್ಲಿ ಹಣ ಹೋಗುವುದೂ ಬಹುತೇಕ ಇದೇ ಒಂದು ಪದದಲ್ಲಿ, 'ಆರಂಭ'ವೋ 'ಕೊನೆ'ಯೋ ಎಂಬಲ್ಲಿ.

ದರ ಯಾವುದು ಎನ್ನುವುದು ಇನ್ನೂ ದೊಡ್ಡ ವಿಷಯ. ಅದು ಬ್ಯಾಂಕಿನ ಠೇವಣಿ ದರವೇ ಆಗಬೇಕೆಂದಿಲ್ಲ. ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ಮಾಡಿದ ಮನೆಗೆ ದರ ಸುಮಾರು ಶೇ 24, ಏಕೆಂದರೆ ಇವತ್ತು ಸಿಕ್ಕ ಹಣ ಆ ಸಾಲ ತೀರಿಸುತ್ತದೆ. ಶೇ 24ರಲ್ಲಿ ವರ್ಷದ ಆರಂಭದ ಕಂತುಗಳೂ 1,22,841ಕ್ಕೆ ಇಳಿಯುತ್ತವೆ. ಸಾಲವಿಲ್ಲದ ಪಕ್ಕದ ಮನೆಗೆ ಕಂತು ಸರಿ, ಈ ಮನೆಗೆ ಗಂಟೇ ಸರಿ. ಕರಾರು ಒಂದೇ, ಉತ್ತರ ಎರಡು, ಎರಡೂ ಸರಿ.

ಇನ್ನು ಮುಗಿಯದೇ ಬರುವ ಹಣ, ಅಂದರೆ ಪರ್ಪೆಚುಯಿಟಿ. ಬ್ರಿಟನ್ ಸರ್ಕಾರದ ಕನ್ಸೋಲ್ ಬಾಂಡ್‌ಗಳು ಪುಸ್ತಕಗಳ ಮಾಮೂಲಿ ಉದಾಹರಣೆ. ಅವನ್ನೂ 2015ರಲ್ಲಿ ತೀರಿಸಿಬಿಟ್ಟರು. ಆದರೆ ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇನಾಂ ರದ್ದತಿಯಲ್ಲಿ, ಆಮೇಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜಾರಿಯಾದ ಭೂಸುಧಾರಣೆಯಲ್ಲಿ ಜಮೀನು ಬಿಟ್ಟುಕೊಟ್ಟ ದೇವಸ್ಥಾನಗಳಿಗೆ ಸರ್ಕಾರ ವರ್ಷ ವರ್ಷವೂ ಹಣ ಕೊಡುತ್ತದೆ. ತಸ್ತೀಕ್ ಎಂದರೆ ಅದೇ. ಮುಜರಾಯಿಯ ಸಿ ವರ್ಗದ ದೇವಸ್ಥಾನಗಳ ತಸ್ತೀಕನ್ನು 2022-23ರ ಬಜೆಟ್‌ನಲ್ಲಿ 48,000ದಿಂದ 60,000 ರೂಪಾಯಿಗೆ ಏರಿಸಲಾಯಿತು. ಈ 60,000ವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ.

ಕೊನೆಯೇ ಇಲ್ಲದ ಹಣವಾದರೆ ಬೆಲೆಯೂ ಅನಂತವಲ್ಲವೇ? ಅಲ್ಲ. ಶೇ 8ರ ದರದಲ್ಲಿ 60,000 ÷ 0.08 = 7,50,000, ಅಷ್ಟೇ. ಸೂತ್ರ ನೆನಪಿರದಿದ್ದರೆ ಹೀಗೆ ಯೋಚಿಸಿ: ಏಳೂವರೆ ಲಕ್ಷವನ್ನು ಶೇ 8ಕ್ಕೆ ಇಟ್ಟರೆ ವರ್ಷಕ್ಕೆ 60,000 ಬಡ್ಡಿ ಬರುತ್ತದೆ, ಅಸಲು ಕರಗುವುದೇ ಇಲ್ಲ. ಇದರಲ್ಲಿ ಮೊದಲ 50 ವರ್ಷಗಳ ಪಾಲೇ ಸುಮಾರು 7,34,000. ಐವತ್ತೊಂದನೇ ವರ್ಷದಿಂದ ಯುಗಾಂತ್ಯದವರೆಗೆ ಬರುವ ಎಲ್ಲ ಕಂತುಗಳ ಇಂದಿನ ಬೆಲೆ ಬರೀ 16,000!

ಇದನ್ನು ತಿಳಿದರೆ ಆನ್ಯುಯಿಟಿ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ. ಮೂರು ವರ್ಷದ ಗುತ್ತಿಗೆ ಎಂದರೆ ಇಂದು ಶುರುವಾಗುವ ಪರ್ಪೆಚುಯಿಟಿಯಿಂದ ಮೂರು ವರ್ಷ ತಡವಾಗಿ ಶುರುವಾಗುವ ಪರ್ಪೆಚುಯಿಟಿಯನ್ನು ಕಳೆದದ್ದು. 50,000 ÷ 0.10 = 5,00,000. ಅದನ್ನು 1.10ರಿಂದ ಮೂರು ಸಲ ಭಾಗಿಸಿದರೆ 3,75,657. ವ್ಯತ್ಯಾಸ ಅದೇ 1,24,343.

ಒಂದು ಎಚ್ಚರಿಕೆ. 60,000 ಎಂದರೆ ತಿಂಗಳಿಗೆ 5,000. ಕೆಲವರು 5,000ವನ್ನು 0.08ರಿಂದ ಭಾಗಿಸಿ 62,500 ಎಂದು ಬರೆಯುತ್ತಾರೆ, ಒಂದೇ ವರ್ಷದ ತಸ್ತೀಕಿಗಿಂತ ಕೊಂಚ ಹೆಚ್ಚು! ತಿಂಗಳ ಕಂತಿಗೆ ತಿಂಗಳ ದರವೇ ಬೇಕು.

ಕಂತು ಪ್ರತಿ ವರ್ಷ ಶೇ 3ರಂತೆ ಏರುವುದಾದರೆ ಭಾಜಕ 0.08 − 0.03 ಆಗಿ ಬೆಲೆ 12,00,000ಕ್ಕೆ ಜಿಗಿಯುತ್ತದೆ. ಏರಿಕೆಯ ದರ ಬಡ್ಡಿ ದರವನ್ನು ಮುಟ್ಟಿದರೆ ಸೂತ್ರ ಕೆಲಸ ಮಾಡುವುದಿಲ್ಲ. ತಸ್ತೀಕಿಗೆ ಈ ಸೂತ್ರ ಹಾಕಲು ನಮಗಂತೂ ಮನಸ್ಸು ಒಪ್ಪದು. ಅದು ವರ್ಷ ವರ್ಷ ಏರುವುದಿಲ್ಲ, ಸರ್ಕಾರ ಮನಸ್ಸು ಮಾಡಿದಾಗ ಏರುತ್ತದೆ. ನಡುವಿನ ವರ್ಷಗಳಲ್ಲಿ ಎಣ್ಣೆ, ಬತ್ತಿ, ಹೂವಿನ ಬೆಲೆ ಮಾತ್ರ ಏರುತ್ತಿರುತ್ತದೆ.