ಕನ್ನಡ ನಾಡಿನ ಸಂತೆಯೂ ರೈತನ ನೇರ ಮಾರಾಟವೂ

ಅನ್ನವು ಜೀವನಕ್ಕೆ ಮೂಲಾಧಾರವೆಂಬುದು ಸರ್ವರಿಗೂ ವಿದಿತವಾದ ಸಂಗತಿಯಷ್ಟೆ. ಆದರೆ ಆ ಅನ್ನವು ಹೊಲದಿಂದ ಹೊರಟು ಮನೆಯ ಒಲೆಯನ್ನು ಸೇರುವವರೆಗೆ ನಡೆದುಬಂದ ಹಾದಿಯ ಚರಿತ್ರೆಯನ್ನು ವಿಚಾರಿಸುವವರು ವಿರಳ. ಅರಸುಮನೆತನಗಳ ಏಳುಬೀಳುಗಳು ವಿಸ್ತಾರವಾಗಿ ಗ್ರಂಥಸ್ಥವಾಗಿರುವಂತೆ ಸಂತೆಯ ವೃತ್ತಾಂತವು ಗ್ರಂಥಸ್ಥವಾಗಿಲ್ಲ. ಆದರೂ ಪ್ರಜೆಯ ಸುಖದುಃಖವನ್ನು ಅರಿಯಬೇಕೆಂಬವರಿಗೆ ಸಂತೆಗಿಂತ ಉತ್ತಮವಾದ ಸಾಕ್ಷಿಯಿಲ್ಲ. ದವಸಧಾನ್ಯಗಳು ಹಗೇವಿನಲ್ಲಿ ಬಹುಕಾಲ ಇರಬಲ್ಲವು. ಸೊಪ್ಪು, ಕಾಯಿಪಲ್ಲೆ, ಹಣ್ಣುಗಳಾದರೋ ಕೊಯ್ದ ಗಳಿಗೆಯಿಂದಲೇ ಬಾಡಲಾರಂಭಿಸುವುವು. ಕಾಯಬಲ್ಲವನು ಬೆಲೆಯನ್ನು ಕಟ್ಟುವನು; ಕಾಯಲಾರದವನು ಕಟ್ಟಿದ ಬೆಲೆಗೆ ಒಪ್ಪುವನು. ಈ ಒಂದು ಸೂತ್ರವನ್ನು ಹಿಡಿದು ನೋಡಿದರೆ ರೈತನಿಗೂ ಅವನ ಬೆಳೆಯನ್ನು ಉಣ್ಣುವವನಿಗೂ ನಡುವೆ ಕಾಲಕಾಲಕ್ಕೆ ಹುಟ್ಟಿದ ವ್ಯವಸ್ಥೆಗಳ ಮರ್ಮವು ತಾನೇ ತಿಳಿದುಬರುವುದು.

ಕನ್ನಡ ನಾಡಿನಲ್ಲಿ ಸಂತೆಯು ಎಷ್ಟು ಬೇರೂರಿದ ಸಂಸ್ಥೆಯೆಂಬುದಕ್ಕೆ ಊರುಗಳ ಹೆಸರುಗಳೇ ಪ್ರಮಾಣವಾಗಿವೆ. ಸಂತೇಬೆನ್ನೂರು, ಸಂತೇಮರಹಳ್ಳಿ, ಸಂತೇಶಿವರ ಎಂಬ ಊರುಗಳು ಸಂತೆಯನ್ನು ಹೆಸರಿನಲ್ಲಿಯೇ ಧರಿಸಿಕೊಂಡಿವೆ. ಕೊಡಗಿನ ಶನಿವಾರಸಂತೆ, ಸೋಮವಾರಪೇಟೆಗಳು ವಾರದ ದಿನವನ್ನೇ ಊರ ಹೆಸರಾಗಿ ಮಾಡಿಕೊಂಡಿವೆ. ಕಲ್ಯಾಣದ ಚಾಲುಕ್ಯರು ಮತ್ತು ಹೊಯ್ಸಳರು ಆಳುತ್ತಿದ್ದ ಕಾಲದ ಶಿಲಾಶಾಸನಗಳಲ್ಲಿ ಸಂತೆಯ ಸುಂಕವೂ, ಹೇರುಗಳ ಲೆಕ್ಕವೂ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರ ದತ್ತಿಗಳೂ ಪದೇ ಪದೇ ಉಕ್ತವಾಗಿವೆ. ಎಲೆಯ ಹೇರೊಂದಕ್ಕೆ ಇಷ್ಟು ಎಲೆ, ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂದು ಗೊತ್ತುಮಾಡಿ ದೇವರ ನಂದಾದೀಪಕ್ಕೂ ತಪೋಧನರ ಆಹಾರದಾನಕ್ಕೂ ಬಿಟ್ಟುಕೊಡುತ್ತಿದ್ದ ಪದ್ಧತಿಯು ಅಂದು ಸಾಮಾನ್ಯವಾಗಿತ್ತು. ಇದರಿಂದ ಊರಿನ ಧರ್ಮಕಾರ್ಯವೂ ಊರಿನ ಸಂತೆಯೂ ಒಂದರ ಆಸರೆಯಲ್ಲಿ ಇನ್ನೊಂದು ಬೆಳೆದುವೆಂಬುದು ಸ್ಪಷ್ಟವಾಗುತ್ತದೆ.

ವಾರದ ಸಂತೆಯ ರೀತಿಯು ಬಹು ಸರಳವಾದುದು. ಸುತ್ತಲಿನ ಹಳ್ಳಿಗಳವರು ಬೆಳಗಿನ ಜಾವ ಸೊಪ್ಪು ಕಿತ್ತು, ಬದನೆ ಹೀರೆಗಳನ್ನು ಕೊಯ್ದು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೋ ಗಾಡಿಯನ್ನು ಹೂಡಿಕೊಂಡೋ ಸಂತೆಯ ಮಾಳಕ್ಕೆ ಬರುವರು. ಬೆಳೆದವನೇ ಮಾರುವನು, ಉಣ್ಣುವವನೇ ಕೊಳ್ಳುವನು. ಯಾವ ಬಾವಿಯ ನೀರು, ಯಾವ ಹೊಲದ ಮಣ್ಣು ಎಂಬುದು ಕೊಳ್ಳುವವನಿಗೆ ತಿಳಿದಿರುವುದು. ಮುಂದಿನ ವಾರವೂ ಅದೇ ಮುಖವನ್ನು ಕಾಣಬೇಕಾದುದರಿಂದ ಮಾರುವವನು ತೂಕದಲ್ಲಿ ಮೋಸ ಮಾಡಲು ಅಂಜುವನು. ಸಂತೆಯಲ್ಲಿ ದೋಷವೇ ಇರಲಿಲ್ಲವೆಂದು ಹೇಳುವಂತಿಲ್ಲ. ಹೊತ್ತು ಇಳಿದಂತೆ ಬೆಲೆಯೂ ಇಳಿಯುತ್ತಿತ್ತು. ಉಳಿದ ಸೊಪ್ಪನ್ನು ಮನೆಗೆ ಹೊರುವುದಕ್ಕಿಂತ ಸಿಕ್ಕಿದಷ್ಟಕ್ಕೆ ಕೊಟ್ಟುಹೋಗುವುದೇ ಲೇಸೆನಿಸುತ್ತಿತ್ತು. ಆದರೂ ಆ ನಷ್ಟದ ಲಾಭವು ನೆರೆಯ ಬಡವನ ಮಡಿಲನ್ನು ಸೇರುತ್ತಿತ್ತೇ ಹೊರತು ಮೂರನೆಯವನ ಪೆಟ್ಟಿಗೆಯನ್ನಲ್ಲ.

ದೊಡ್ಡ ನಗರಗಳಲ್ಲಿಯೂ ಒಂದು ಕಾಲಕ್ಕೆ ಇದೇ ಕ್ರಮವು ನಡೆಯುತ್ತಿತ್ತೆಂಬುದಕ್ಕೆ ವಿಜಯನಗರವು ನಿದರ್ಶನ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗಲ್ ದೇಶದ ಡೊಮಿಂಗೊ ಪಾಯಸನು ರತ್ನವರ್ತಕರ ಬೀದಿಯಲ್ಲಿಯೇ ಪ್ರತಿ ಸಾಯಂಕಾಲ ಸಂತೆ ಕೂಡುತ್ತಿದ್ದುದನ್ನು ವರ್ಣಿಸಿರುವನು. ಅಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಇತರ ಪದಾರ್ಥಗಳು, ಸೌದೆ ಎಲ್ಲವೂ ದೊರೆಯುತ್ತಿದ್ದುವಂತೆ. ನಗರದ ಬೇರೆ ಬೇರೆ ಭಾಗಗಳಲ್ಲಿ ದಿನಕ್ಕೊಂದರಂತೆ ಸಂತೆ ನೆರೆಯುತ್ತಿದ್ದಿತೆಂದೂ ಅವನು ಬರೆದಿಟ್ಟಿದ್ದಾನೆ. ರತ್ನದ ಅಂಗಡಿಯ ಮುಂದೆಯೇ ತೋಟದವನಿಗೂ ಬುಟ್ಟಿಯಿಳಿಸಲು ಸ್ಥಳವಿದ್ದಿತೆಂಬುದು ಆ ನಗರದ ವೈಭವಕ್ಕೆ ಕಡಿಮೆಯಾದ ಲಕ್ಷಣವಲ್ಲ.

ಕೆಡದ ಸರಕಿನ ಗತಿಯಾದರೋ ಬೇರೆಯಾಗಿದ್ದಿತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಗುಬ್ಬಿಯನ್ನು ದೂರದೂರದ ವರ್ತಕರು ಬಂದು ಸೇರುವ ವ್ಯಾಪಾರಸ್ಥಳವೆಂದು ಗುರುತಿಸಿದನು. ಅಡಕೆ, ಕೊಬ್ಬರಿಗಳು ತಿಂಗಳುಗಟ್ಟಲೆ ಇರುವ ಪದಾರ್ಥಗಳಾದುದರಿಂದ ಎತ್ತಿನ ಮೇಲೆ ಹೇರಿಕೊಂಡು ಘಟ್ಟದ ಸೀಮೆಯಿಂದ ಬಯಲುಸೀಮೆಗೂ ಅಲ್ಲಿಂದ ಮುಂದಕ್ಕೂ ಸಾಗುತ್ತಿದ್ದುವು. ಇಂತಹ ಸರಕಿಗೆ ನಡುವಣ ವರ್ತಕನು ಅವಶ್ಯಕನಾಗಿದ್ದನು. ಅವನಿಲ್ಲದೆ ಮಲೆನಾಡಿನ ಅಡಕೆಯು ದೂರದೇಶವನ್ನು ಮುಟ್ಟುತ್ತಿರಲಿಲ್ಲ. ಆದುದರಿಂದ ನಡುವಣವನು ಇದ್ದುದೇ ಕೇಡೆಂದು ಹೇಳುವುದು ಚರಿತ್ರೆಗೆ ಸಮ್ಮತವಲ್ಲ. ಬಾಡುವ ಸರಕಿನ ಬಾಗಿಲಲ್ಲಿಯೂ ಅವನೊಬ್ಬನೇ ನಿಂತಾಗ ಕೇಡು ಹುಟ್ಟಿತು.

ಆ ಕಾಲವು ಬಂದುದು ಪಟ್ಟಣಗಳು ಬೆಳೆದ ಮೇಲೆ. ಬೆಂಗಳೂರಿನಲ್ಲಿ ಹೈದರಾಲಿಯು 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. 1874ರಿಂದ 1908ರವರೆಗೆ ಅದರ ಆಡಳಿತವನ್ನು ವಹಿಸಿದ್ದ ಜಾನ್ ಕ್ಯಾಮರನ್ನನ ಕಾಲದಲ್ಲಿ ಸೀಮೆಬದನೆಯೇ ಮೊದಲಾದ ಪರದೇಶದ ತರಕಾರಿಗಳು ಸುತ್ತಲಿನ ತೋಟಗಳಲ್ಲಿ ಹರಡಿದುವು. ತಮಿಳರು ಇಂದಿಗೂ ಆ ಕಾಯಿಯನ್ನು ಬೆಂಗಳೂರಿನ ಬದನೆಯೆಂದೇ ಕರೆಯುವರು. 1864ರಲ್ಲಿ ಬೆಂಗಳೂರಿನ ದಂಡಿಗೆ ರೈಲು ಬಂದು ಮದರಾಸಿನ ಕಡೆಯ ಸಂಪರ್ಕವು ಸುಲಭವಾಯಿತು. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಏರ್ಪಟ್ಟಿತು. ಊರು ಬೆಳೆದಂತೆಲ್ಲ ತೋಟವು ಹಿಂದಕ್ಕೆ ಸರಿಯಿತು. ತೋಟದವನಿಗೆ ಇಡೀ ದಿನ ಪೇಟೆಯಲ್ಲಿ ಕುಳಿತು ಮಾರಲು ಬಿಡುವಿಲ್ಲದಂತಾಯಿತು. ಆಗ ಮಂಡಿಯ ದಲ್ಲಾಳಿಯು ಅನಿವಾರ್ಯನಾದನು. ಬಿತ್ತನೆಯ ಕಾಲದಲ್ಲಿ ಮುಂಗಡ ಹಣವನ್ನು ಕೊಟ್ಟವನೂ ಅವನೇ, ಕೊಯ್ಲಿನ ಕಾಲದಲ್ಲಿ ಬೆಲೆಯನ್ನು ಹೇಳಿದವನೂ ಅವನೇ ಆದುದರಿಂದ ಸಾಲಗಾರನಾದ ರೈತನು ಬೇರೊಬ್ಬನ ಬಾಗಿಲಿಗೆ ಹೋಗಲಾರದೆ ಹೋದನು. ಬಟ್ಟೆಯ ಮರೆಯಲ್ಲಿ ಬೆರಳುಗಳನ್ನು ಒತ್ತಿ ದರ ಗೊತ್ತುಮಾಡುವ ಪದ್ಧತಿಯು ಅನೇಕ ಪೇಟೆಗಳಲ್ಲಿದ್ದಿತು. ಹಮಾಲಿ, ತೂಕದ ಕೂಲಿ, ಧರ್ಮಾದಾಯವೆಂದು ರೈತನ ಹಣದಲ್ಲಿ ಕಡಿತಗಳಾಗುತ್ತಿದ್ದುವು. ಸಂತೆ ನೆರೆಯುವ ಮುನ್ನವೇ ಗಂಟುಗಳ್ಳರು ನೆರೆದರೆಂಬ ಗಾದೆಯು ಇಂತಹ ಪೇಟೆಗಳಿಗೆ ಒಪ್ಪುವಂತಿದ್ದಿತು.

ಈ ಅನ್ಯಾಯವನ್ನು ತಿದ್ದಲು ಎರಡು ಮಾರ್ಗಗಳು ತೋರಿದುವು. ಮೊದಲನೆಯದು ಕಾಯಿದೆಯ ಮಾರ್ಗ. 1926ರಲ್ಲಿ ನೇಮಕವಾದ ಕೃಷಿಯ ರಾಯಲ್ ಕಮಿಷನ್ನು 1928ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಸೂಚಿಸಿತು. ಮುಂಬಯಿ ಪ್ರಾಂತದಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯಿದೆಗಳಾದುವು. ಏಕೀಕರಣದ ತರುವಾಯ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ 1966ರಲ್ಲಿ ಒಂದು ಕಾಯಿದೆಯು ರಚಿತವಾಯಿತು. ಬಹಿರಂಗ ಹರಾಜು, ನಿಯತವಾದ ತೂಕ, ರೈತರ ಪ್ರತಿನಿಧಿಗಳುಳ್ಳ ಸಮಿತಿ ಇವು ಅದರಿಂದ ಲಭಿಸಿದ ಪ್ರಯೋಜನಗಳು. ಧಾನ್ಯ, ಹತ್ತಿ, ಮೆಣಸಿನಕಾಯಿಗಳ ವ್ಯಾಪಾರಕ್ಕೆ ಇದರಿಂದ ಒಂದು ಕಟ್ಟುಪಾಡು ಬಂದಿತು. ಆದರೆ ಹಣ್ಣು ತರಕಾರಿಗಳಿಗೆ ಇದರಿಂದ ಪೂರ್ಣ ರಕ್ಷಣೆ ದೊರೆಯಲಿಲ್ಲ. ಏಕೆಂದರೆ ಬಾಡುವ ಸರಕು ಕಾಯಿದೆಗಾಗಿಯೂ ಕಾಯುವುದಿಲ್ಲ.

ಎರಡನೆಯದು ಸಹಕಾರದ ಮಾರ್ಗ. ಇದರಲ್ಲಿ ಕನ್ನಡ ನಾಡಿನ ಒಂದು ಸಣ್ಣ ಹಳ್ಳಿಯು ಇಡೀ ದೇಶಕ್ಕೆ ದಾರಿ ತೋರಿಸಿತು. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ ನಿಂತು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಬೀಜಕ್ಕೆ ಬೇಕಾದ ಹಣವು ಊರಿನ ಸಂಘದಿಂದಲೇ ದೊರೆತರೆ ಬೆಳೆಯು ಮುಂಗಡಕ್ಕೆ ಒತ್ತೆಬೀಳುವುದು ತಪ್ಪುವುದಷ್ಟೆ. 1923ರಲ್ಲಿ ಶಿರಸಿಯ ತೋಟಗಾರರು ತಮ್ಮದೇ ಆದ ಮಾರಾಟ ಸಂಘವನ್ನು ಕಟ್ಟಿಕೊಂಡು ಅಡಕೆಯನ್ನು ಒಟ್ಟಾಗಿ ಮಾರತೊಡಗಿದರು. 1959ರಲ್ಲಿ ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಡಾಕ್ಟರ್ ಎಂ. ಎಚ್. ಮರಿಗೌಡರ ಪ್ರೋತ್ಸಾಹದಿಂದ ಒಂದು ಸಹಕಾರ ಸಂಘವನ್ನು ರಚಿಸಿದರು. ದ್ರಾಕ್ಷಿಯಿಂದ ಆರಂಭವಾದ ಆ ಸಂಘವು ಕ್ರಮೇಣ ಸಕಲ ಹಣ್ಣು ತರಕಾರಿಗಳನ್ನೂ ಕೈಗೊಂಡು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ರೈತನಿಂದ ನೇರವಾಗಿ ಕೊಂಡು, ಆ ದಿನದ ದರವನ್ನು ಹಲಗೆಯ ಮೇಲೆ ಬರೆದು, ಬೀದಿಬೀದಿಯ ಮಳಿಗೆಗಳಲ್ಲಿ ಮಾರುವ ಈ ಕ್ರಮದಿಂದ ಗೃಹಿಣಿಗೆ ಚೌಕಾಸಿಯ ಶ್ರಮವೂ ರೈತನಿಗೆ ದಲ್ಲಾಳಿಯ ಹಂಗೂ ಕಡಿಮೆಯಾದುವು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹಳೆಯ ಸಂತೆಯನ್ನೇ ಪಟ್ಟಣದೊಳಗೆ ಪುನಃ ಪ್ರತಿಷ್ಠಾಪಿಸುವ ಪ್ರಯತ್ನಗಳು ನಡೆದುವು. ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿಯೂ, ಆಂಧ್ರಪ್ರದೇಶದಲ್ಲಿ 1999ರ ಜನವರಿಯಲ್ಲಿ ರೈತು ಬಜಾರುಗಳೂ, ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಲ್ಲಿ ಉಳವರ್ ಸಂದೈಯೂ ಆರಂಭವಾದುವು. ಕರ್ನಾಟಕದಲ್ಲಿಯೂ ರೈತಸಂತೆಗಳು ಏರ್ಪಟ್ಟುವು. ತಮಿಳುನಾಡಿನ ಸಂತೆಗಳಲ್ಲಿ ರೈತನಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕೊಟ್ಟು, ಬಾಡಿಗೆಯಿಲ್ಲದ ಕಟ್ಟೆಯನ್ನು ಒದಗಿಸಿ, ಸಗಟು ಬೆಲೆಗಿಂತ ಹೆಚ್ಚಾಗಿಯೂ ಬೀದಿಯ ಬೆಲೆಗಿಂತ ಕಡಿಮೆಯಾಗಿಯೂ ದರವನ್ನು ನಿಗದಿಪಡಿಸಿದರು. ಆದರೆ 2001ರಲ್ಲಿ ಸರ್ಕಾರವು ಬದಲಾದ ಮೇಲೆ ಅವು ಕಳೆಗುಂದಿ, 2006ರ ತರುವಾಯ ಪುನಃ ಚೇತರಿಸಿಕೊಂಡುವು. ರಾಜಾಶ್ರಯವನ್ನೇ ನಂಬಿದ ಸಂತೆಯು ಆಶ್ರಯ ತಪ್ಪಿದೊಡನೆ ಬಾಡುವುದು. ರೈತರ ಒಗ್ಗಟ್ಟಿನಿಂದಲೂ ಕೊಳ್ಳುವವರ ಅಭ್ಯಾಸದಿಂದಲೂ ನಿಂತ ಸಂತೆಯು ರಾಜ್ಯಗಳು ಅಳಿದರೂ ಉಳಿಯುವುದು. ಇದು ಈ ವೃತ್ತಾಂತದಿಂದ ಗ್ರಾಹ್ಯವಾದ ಮುಖ್ಯ ತತ್ತ್ವ.

ಸರಕು ಪೇಟೆಗೆ ಬರುವ ಬದಲು ಉಣ್ಣುವವನೇ ಹೊಲಕ್ಕೆ ಹೋಗುವ ಕ್ರಮವೂ ಉಂಟು. 2010ರ ದಶಕದಲ್ಲಿ ರಾಜ್ಯದ ಮಾವು ಅಭಿವೃದ್ಧಿ ನಿಗಮವು ಬೆಂಗಳೂರಿನವರನ್ನು ಮಾವಿನ ತೋಪುಗಳಿಗೆ ಕರೆದೊಯ್ದು ಅವರ ಕೈಯಿಂದಲೇ ಹಣ್ಣು ಕೀಳಿಸುವ ಪ್ರವಾಸಗಳನ್ನು ನಡೆಸಿತು. ಇದನ್ನು ನವೀನವೆಂದು ಬಗೆಯುವವರು ಉತ್ತರ ಕರ್ನಾಟಕದ ಸೀತನಿಯನ್ನು ನೆನೆಯಬೇಕು. ಜೋಳದ ತೆನೆಯು ಹಾಲುಗಾಳಾಗಿರುವಾಗ ರೈತನು ಬಂಧುಮಿತ್ರರನ್ನು ಹೊಲಕ್ಕೆ ಕರೆದು, ಕುಳ್ಳಿನ ಬೆಂಕಿಯಲ್ಲಿ ತೆನೆಯನ್ನು ಸುಟ್ಟು, ಕಾಳನ್ನು ತಿಕ್ಕಿ ಬಿಸಿಬಿಸಿಯಾಗಿ ಬಡಿಸುವ ಆ ಪದ್ಧತಿಯಲ್ಲಿ ಬೆಲೆಯ ಮಾತೇ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯೂ ಇಂತಹುದೇ. ಹೊಸ ಫಲವನ್ನು ಬಸವಣ್ಣನಿಗೆ ಅರ್ಪಿಸಿದ ಬಳಿಕ ಉಳಿದುದನ್ನು ಬೀದಿಯ ಬದಿಯಲ್ಲಿ ರಾಶಿಹಾಕಿ ಮಾರುವ ಸಂಪ್ರದಾಯವು ಮಹಾನಗರದ ನಡುವೆಯೂ ಅಳಿಯದೆ ನಿಂತಿದೆ.

ನೇರ ಮಾರಾಟವೊಂದರಿಂದಲೇ ಸರ್ವಕಷ್ಟಗಳೂ ಪರಿಹಾರವಾಗುವುವೆಂದು ಭಾವಿಸುವುದು ತರವಲ್ಲ. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯು ದೇಶದ ಬಹು ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಗೆ ಬರುವ ರಾಶಿಯನ್ನು ಯಾವ ವಾರದ ಸಂತೆಯೂ ತಾಳಲಾರದು. 2023ರ ಜುಲೈಯಲ್ಲಿ ಆ ಹಣ್ಣಿನ ಬೆಲೆಯು ಕಿಲೋಗ್ರಾಮಿಗೆ 100 ರೂಪಾಯಿಗಳನ್ನು ಮೀರಿದಾಗ ಪಟ್ಟಣದವರು ಬೆರಗಾದರು. ಕೊಯ್ಲಿನ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರೈತರು ರಸ್ತೆಯಲ್ಲಿ ಸುರಿದ ವರ್ಷಗಳೂ ಉಂಟು. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ದೇಶದ ವ್ಯವಹಾರಗಳೆಲ್ಲ ಸ್ಥಗಿತವಾದಾಗ ದ್ರಾಕ್ಷಿ, ಕಲ್ಲಂಗಡಿಗಳು ಬಳ್ಳಿಯಲ್ಲಿಯೇ ಕೊಳೆಯುವ ಸ್ಥಿತಿಯೊದಗಿತು. ಆಗ ಅನೇಕ ರೈತರು ದೂರವಾಣಿಯ ಮೂಲಕ ಸುದ್ದಿ ಕಳುಹಿಸಿ, ನಗರದ ವಸತಿಗೃಹಗಳ ಬಾಗಿಲಿಗೇ ವಾಹನವನ್ನು ತಂದು ಮಾರಿದರು. ಕೊಳ್ಳುವವರ ಪರಿಚಯವಿದ್ದ ರೈತನು ಉಳಿದುಕೊಂಡನು. ಪರಿಚಯವಿಲ್ಲದವನು ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಿದನು. ಮುಖಪರಿಚಯವೇ ರೈತನ ಪಾಲಿಗೆ ಎರಡನೆಯ ಹಗೇವೆಂಬುದು ಆ ವಿಪತ್ತಿನಲ್ಲಿ ಸಿದ್ಧವಾಯಿತು.

ಮಠಗಳ ಜಾತ್ರೆಗಳಲ್ಲಿ ದನಗಳ ಪರಿಷೆಯೂ ಬೆಳೆಗಳ ಪ್ರದರ್ಶನವೂ ಸಂತೆಯೂ ಕೂಡಿಯೇ ನಡೆದುಬಂದಿವೆ. ಭಕ್ತರು ಗಾಡಿಗಳಲ್ಲಿ ತರುವ ಧಾನ್ಯ ತರಕಾರಿಗಳಿಂದಲೇ ದಾಸೋಹದ ಒಲೆಗಳು ಉರಿದಿವೆ. ಆ ಬುಟ್ಟಿಗಳು ಬರುವುದು ಹತ್ತಿರದ ಹೊಲಗಳಿಂದ. ಆ ಹೊಲದವನು ನೆಮ್ಮದಿಯಿಂದಿದ್ದರೆ ಮಾತ್ರ ದಾಸೋಹದ ಅಗ್ನಿಯು ಆರದೆ ಉಳಿಯುವುದು. ಆದುದರಿಂದ ಸದ್ಭಕ್ತರಾದವರು ವಾರಕ್ಕೊಮ್ಮೆಯಾದರೂ ತಮ್ಮ ಊರಿನ ಸಂತೆಗೆ ಹೋಗಿ, ಬೆಳೆದವನ ಕೈಯಿಂದಲೇ ಕೊಂಡು, ಅವನ ಹೊಲದ ಕ್ಷೇಮವನ್ನು ವಿಚಾರಿಸುವುದು ಯುಕ್ತವಾದುದು. ಹೊತ್ತು ಇಳಿಯುವವರೆಗೆ ಕಾದು ಬಾಡಿದ ಬೆಲೆಗೆ ಕೊಳ್ಳುವುದಕ್ಕಿಂತ ಬೆಳಗಿನಲ್ಲಿಯೇ ನ್ಯಾಯವಾದ ಬೆಲೆಯನ್ನು ಕೊಟ್ಟು ತಾಜಾ ಪದಾರ್ಥವನ್ನು ತರುವುದು ಇಬ್ಬರಿಗೂ ಶ್ರೇಯಸ್ಕರ. ಹೀಗೆ ಉಣ್ಣುವವನೂ ಬೆಳೆಯುವವನೂ ಪರಸ್ಪರ ಅರಿತು ನಡೆದರೆ ಕನ್ನಡ ನಾಡಿನ ಸಂತೆಗಳು ಇನ್ನು ಮುಂದೆಯೂ ತುಂಬಿ ನೆರೆಯುವುದರಲ್ಲಿ ಸಂದೇಹವಿಲ್ಲ.